ಊರ ಕಲ್ಲಿಗೆ ಓದುಗರು

ಕರ್ನಾಟಕದ ಊರುಗಳಲ್ಲಿ ಬರಹವಿರುವ ಕಲ್ಲುಗಳು ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಹಿಂಬದಿಯಲ್ಲಿ ಸಿಗುತ್ತವೆ. ಶತ್ರುಗಳು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿ ತರಲು ಹೋಗಿ ಮಡಿದವನಿಗೆ ವೀರಗಲ್ಲು, ಗಂಡನ ಚಿತೆಯೇರಿದವಳಿಗೆ ಮಾಸ್ತಿಕಲ್ಲು, ಸಲ್ಲೇಖನದಿಂದ ದೇಹ ಬಿಟ್ಟ ಜೈನರಿಗೆ ನಿಸಿಧಿಗಲ್ಲು, ಭೂಮಿ ಬಿಟ್ಟುಕೊಟ್ಟದ್ದಕ್ಕೆ ದಾನಶಾಸನ. ರಾಜನ ಹೆಸರು ಮೊದಲ ಸಾಲುಗಳಲ್ಲಿ ಬಂದರೂ ಮುಂದಿನ ಕಥೆ ಬಹುಮಟ್ಟಿಗೆ ಊರವರದ್ದೇ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ ಇರುವುದು ಸಾಮಾನ್ಯ. ಅಕ್ಷರ ಬಾರದವರಿಗೂ ಇದು ಅರ್ಥವಾಗುವಂತಿತ್ತು.

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಇಂಥ ಕಥೆಗಳಲ್ಲೆಲ್ಲ ವಿಶೇಷವಾದದ್ದು. ಕ್ರಿ.ಶ. 949ರ ಸುಮಾರಿಗೆ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗ ಕಾದಿದ. ಅವನ ಕಡೆಯ ವೀರ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದಾಗ ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಕಾದಾಟದಲ್ಲಿ ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡಲಾಯಿತು. ನಾಯಿಯೂ ಹಂದಿಯೂ ಸೆಣಸುವ ಶಿಲ್ಪವುಳ್ಳ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದ ಬಗ್ಗೆ ಇತಿಹಾಸಕಾರರಿಗೆ ತಿಳಿದಿರುವ ಮುಖ್ಯ ಸಂಗತಿಗಳಲ್ಲಿ ಕೆಲವು ಈ ನಾಯಿಯ ಸ್ಮಾರಕದಿಂದಲೇ ಬಂದವು ಎಂಬುದು ಸೋಜಿಗ.

ಈ ಕಲ್ಲುಗಳನ್ನು ಊರೂರು ಸುತ್ತಿ ದಾಖಲಿಸುವ ದೊಡ್ಡ ಕೆಲಸ ಮಾಡಿದವರು ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ಮುನ್ನಡೆಸಿದ ಅವರು ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಒಂದೊಂದು ಶಾಸನಕ್ಕೂ ತಾಲ್ಲೂಕು, ಊರು, ಕಲ್ಲು ನಿಂತ ಜಾಗ ನಮೂದಾಗಿದೆ. ಆದರೆ ಹೊಲವೇ ಬಡಾವಣೆಯಾದ ಮೇಲೆ ‘ಊರ ಮುಂದಿನ ಹೊಲದಲ್ಲಿ’ ಎಂಬ ಗುರುತು ಹಿಡಿದು ಹೋದರೆ ಏನೂ ಸಿಗುವುದಿಲ್ಲ. ನಗರ ಬೆಳೆದಂತೆ ಅನೇಕ ಕಲ್ಲುಗಳು ಅಡಿಪಾಯ ಸೇರಿದವು, ಚರಂಡಿಗೆ ಚಪ್ಪಡಿಯಾದವು, ಬಟ್ಟೆ ಒಗೆಯಲು ಬಳಕೆಯಾದವು. ಬರಹವಿರುವ ಕಲ್ಲಿನಡಿ ನಿಧಿ ಇರುತ್ತದೆ ಎಂಬ ನಂಬಿಕೆಯಿಂದ ಒಡೆಸಿಕೊಂಡವೂ ಇವೆ. ಉಳಿದವುಗಳಲ್ಲಿ ಹಲವು ಜನ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದರಿಂದಲೇ ಉಳಿದವು. ಭಕ್ತಿ ಕಲ್ಲನ್ನು ಕಾಯಿತು, ಆದರೆ ಅದರ ಮೇಲೆ ಬಳಿದ ಎಣ್ಣೆ, ಬಣ್ಣಗಳು ಅಕ್ಷರವನ್ನು ಮುಚ್ಚಿದವು.

ಇತ್ತೀಚಿನ ವರ್ಷಗಳಲ್ಲಿ ಈ ಕಲ್ಲುಗಳನ್ನು ಹುಡುಕುವ ಕೆಲಸಕ್ಕೆ ಎಂಜಿನಿಯರುಗಳು, ಗೃಹಿಣಿಯರು, ವಿದ್ಯಾರ್ಥಿಗಳು ಇಳಿದಿದ್ದಾರೆ. ರೈಸ್ ಸಂಪುಟವನ್ನು ಕೈಯಲ್ಲಿ ಹಿಡಿದು ಹಳೆಯ ಊರಭಾಗದ ಹಿರಿಯರನ್ನು ವಿಚಾರಿಸುವುದು, ಕಲ್ಲು ಸಿಕ್ಕರೆ ಜಾಗ ಗುರುತಿಸಿ ಚಿತ್ರ ತೆಗೆಯುವುದು, ಓದಲು ಬಲ್ಲವರಿಗೆ ಕಳಿಸುವುದು ಅವರ ಕ್ರಮ. 2018ರಲ್ಲಿ ಹೆಬ್ಬಾಳದಲ್ಲಿ ಹೊರಬಂದ ವೀರಗಲ್ಲು ಇಂಥ ಆಸಕ್ತರ ಕಣ್ಣಿಗೆ ಬಿದ್ದಿದ್ದರಿಂದ ಉಳಿಯಿತು. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಆ ಕಲ್ಲು ಕಾಳಗದಲ್ಲಿ ಮಡಿದ ಕಿತ್ತಯ್ಯನದು. ನಗರದಲ್ಲಿ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಅದಕ್ಕೀಗ ಅಲ್ಲೇ ಒಂದು ಮಂಟಪವಿದೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನರಿನಿಂದ ದಾಖಲಿಸುವ ಯೋಜನೆಯನ್ನು 2021ರಲ್ಲಿ ಕೈಗೆತ್ತಿಕೊಂಡಿತು. ಹಿಂದೆ ಇದ್ದದ್ದು ಅಚ್ಚು ತೆಗೆಯುವ ವಿಧಾನ: ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಶ್ಶಿನಿಂದ ಬಡಿದು ಕಾಗದವನ್ನು ಅಕ್ಷರದ ಗುಣಿಗೆ ಇಳಿಸಿ, ಮೇಲೆ ಮಸಿ ಒತ್ತುತ್ತಿದ್ದರು, ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಉಳಿಯುತ್ತಿದ್ದವು. ಸ್ಕ್ಯಾನರ್ ಗುಣಿಯ ಆಳವನ್ನೂ ಅಳೆಯುವುದರಿಂದ ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವನ್ನು ಕಂಪ್ಯೂಟರಿನಲ್ಲಿ ಬೇಕಾದ ಬೆಳಕು ಬಿಟ್ಟು ನೋಡಬಹುದು.

ಹುಡುಕುವುದಕ್ಕೆ ಉತ್ಸಾಹ ಸಾಕು, ಓದುವುದಕ್ಕೆ ಸಾಲದು. ಗಂಗರ ಕಾಲದ ಲಿಪಿ ಇಂದಿನ ಕನ್ನಡ ಓದುಗನಿಗೆ ಸುಲಭಕ್ಕೆ ದಕ್ಕದು. ಬೆಂಗಳೂರಿನ ಸುತ್ತ ಚೋಳ, ಹೊಯ್ಸಳರ ಕಾಲದ ತಮಿಳು ಶಾಸನಗಳೂ ಸಾಕಷ್ಟಿವೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ, ತಿಂಗಳು ನೋಡಿ ಕೆಲವೊಮ್ಮೆ 79. ಇಷ್ಟು ಲೆಕ್ಕ ತಪ್ಪಿದ ಬರಹಗಳೂ ಕೈಯಿಂದ ಕೈಗೆ ದಾಟುತ್ತವೆ. ಶಾಸನದಲ್ಲಿ ಬರುವ ಹೆಸರೊಂದನ್ನು ಹಿಡಿದು ಇವನು ನಮ್ಮ ಜಾತಿಯವನು ಎಂದು ಹಕ್ಕು ಸಾಧಿಸುವುದು ಇನ್ನೂ ಕೆಟ್ಟ ಚಾಳಿ. ಕಥೆಯ ಸೆಳೆತವೂ ಬಲವಾದದ್ದು. ಹೊಯ್ಸಳ ಬಲ್ಲಾಳನಿಗೆ ಮುದುಕಿ ಬೇಯಿಸಿದ ಕಾಳು ಕೊಟ್ಟದ್ದರಿಂದ ಬೆಂಗಳೂರಿಗೆ ಹೆಸರು ಬಂತು ಎಂಬುದು ಇಂದಿಗೂ ಓಡಾಡುತ್ತದೆ. ಆದರೆ ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲೇ ಬೆಂಗಳೂರಿನ ಕಾಳಗದ ಉಲ್ಲೇಖವಿದೆ; ನಾಗತ್ತರ ಎಂಬವನ ಮಗ ಅಲ್ಲಿ ಮಡಿದ. ಬಲ್ಲಾಳ ಪಟ್ಟವೇರಿದ್ದು ಅದಾಗಿ ಮೂರು ಶತಮಾನಕ್ಕೆ ಸಮೀಪಿಸಿದ ಮೇಲೆ.

ಹೊಸ ಕಲ್ಲು ಕಂಡವರು ಮೊದಲು ಅದನ್ನು ಕದಲಿಸದೆ ಇರುವುದು ಮುಖ್ಯ, ಏಕೆಂದರೆ ಕಲ್ಲು ನಿಂತ ಜಾಗವೂ ಸಾಕ್ಷ್ಯವೇ. ಆಸಿಡ್, ತಂತಿ ಬ್ರಶ್ಶು ಬೇಡ. ನೀರು ಮತ್ತು ಮೆದು ಬ್ರಶ್ಶು ಸಾಕು. ನಡುಮಧ್ಯಾಹ್ನ ತೆಗೆದ ಚಿತ್ರದಲ್ಲಿ ಅಕ್ಷರ ಕಾಣುವುದಿಲ್ಲ; ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿದು ತೆಗೆಯಬೇಕು. ಮುಂಬದಿ, ಹಿಂಬದಿ, ಎರಡೂ ಅಂಚು, ಸುತ್ತಲಿನ ಜಾಗ ಎಲ್ಲದರ ಚಿತ್ರವೂ ಇರಲಿ. ಊರವರು ಆ ಕಲ್ಲಿಗೆ ಇಟ್ಟ ಹೆಸರು, ಹೇಳುವ ಕಥೆ, ನಡೆಸುವ ಪೂಜೆಯನ್ನೂ ಕೇಳಿ ಬರೆದುಕೊಳ್ಳಬೇಕು, ಶಾಸನದ ಪಾಠದ ಜೊತೆಗೆ ಬೆರೆಸದೆ. ನೂರು ವರ್ಷ ಮೀರಿದ ಶಾಸನಗಳು 1972ರ ಕಾಯ್ದೆಯ ಪ್ರಕಾರ ಪುರಾವಸ್ತುಗಳು. ಆದ್ದರಿಂದ ಮನೆಗೆ ಸಾಗಿಸುವುದು, ಮಾರುವುದು ಸಲ್ಲದು. ರಾಜ್ಯ ಪುರಾತತ್ವ ಇಲಾಖೆಗೆ ಚಿತ್ರ ಸಮೇತ ತಿಳಿಸಬೇಕು.