ಗಣಕಯಂತ್ರದ ಗೆರೆ, ಕೌದಿಯ ಹೊಲಿಗೆ: ಯಾದಗಿರಿ ಸೀಮೆಯ ಯುವ ವಿನ್ಯಾಸಕಾರರ ಮುಂದಿರುವ ಹಾದಿ

ಶಹಾಪುರದ ಜಿನ್ನಿಂಗ್ ಕಾರ್ಖಾನೆಗಳ ಅಂಗಳದಲ್ಲಿ ಹತ್ತಿಯ ರಾಶಿ ಬೀಳುವ ದಿನಗಳನ್ನು ಕಂಡ ವರ್ತಕರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜ ಬಿಡಿಸಿದ ಅರಳೆಯು ತಲಾ 170 ಕಿಲೋಗ್ರಾಂ ತೂಕದ ಬೇಲುಗಳಾಗಿ ಲಾರಿಯೇರಿ ದೂರದ ನೂಲಿನ ಗಿರಣಿಗಳಿಗೆ ಹೊರಟುಹೋಗುತ್ತದೆ. ಅದೇ ಹತ್ತಿಯು ಸೀರೆಯಾಗಿ, ಅಂಗಿಯಾಗಿ, ಹಾಸಿಗೆಯ ಹೊದಿಕೆಯಾಗಿ ಯಾದಗಿರಿಯ ಅಂಗಡಿಗಳಿಗೆ ಹಿಂದಿರುಗುವಾಗ ಬೆಲೆ ಹಲವು ಪಟ್ಟು ಏರಿರುತ್ತದೆ. ನೂಲುವಿಕೆ, ನೇಯ್ಗೆ, ಬಣ್ಣಗಾರಿಕೆಗಳ ಜೊತೆಗೆ ವಿನ್ಯಾಸವೂ ಈ ಏರಿಕೆಯಲ್ಲಿ ಪಾಲು ಪಡೆಯುತ್ತದೆ. ಮೊದಲಿನ ಮೂರಕ್ಕೆ ದೊಡ್ಡ ಬಂಡವಾಳ ಬೇಕು. ನಾಲ್ಕನೆಯದಕ್ಕೆ ಕಲಿತ ಕಣ್ಣು, ಒಂದು ಗಣಕಯಂತ್ರ ಮತ್ತು ಕೈಕೆಲಸ ಬಲ್ಲವರ ಸಹವಾಸ ಸಾಕು.

ಕೈಯಲ್ಲಿರುವ ಸಂಪತ್ತು

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಈ ಸಹವಾಸಕ್ಕೆ ಕೊರತೆಯಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಸಾಲು ಹೊಲಿಗೆಯಿಂದ ಬಿಗಿಗೊಳಿಸುವ ಕೌದಿಯು ಉತ್ತರ ಕರ್ನಾಟಕದ ಮನೆಮನೆಯ ವಸ್ತು. ತಾಂಡಾಗಳ ಲಂಬಾಣಿ ಮಹಿಳೆಯರು ಕನ್ನಡಿ, ಕವಡೆಗಳನ್ನು ಕೂಡಿಸಿ ಮಾಡುವ ಕಸೂತಿಯಲ್ಲಿ ಕಿಲನ್, ವೇಲೆ, ಮಾಕಿ, ನಕ್ರ ಮೊದಲಾದ ಹೊಲಿಗೆಗಳಿವೆ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯು ಗರುಡಾದ್ರಿ ಮನೆತನದ ಕಲಾವಿದರಿಂದ ಹೆಸರು ಪಡೆದಿದ್ದು, ಅದರ ಚಿನ್ನದ ಮೆರುಗು ಇಂದಿಗೂ ನೋಡುಗರನ್ನು ಹಿಡಿದು ನಿಲ್ಲಿಸುತ್ತದೆ. ಕೃಷ್ಣೆಯ ಆಚೆಗೆ ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣಗಳ ನೆರೆಯೂ ಇದೆ. ಇಳಕಲ್ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕುಣಿಕೆ ಹಾಕಿ ಜೋಡಿಸುವ ಕ್ರಮವನ್ನು ಮಗ್ಗದ ಮುಂದೆ ಕುಳಿತೇ ಕಲಿಯಬೇಕು.

ಕಲಿಕೆಯ ಕೇಂದ್ರಗಳು

ಬೆಂಗಳೂರಿನಲ್ಲಿ 1997ರಲ್ಲಿ ಆರಂಭಗೊಂಡ ನಿಫ್ಟ್ ಸಂಸ್ಥೆಯ ಪಠ್ಯಕ್ರಮದಲ್ಲಿ ವಿದ್ಯಾರ್ಥಿಗಳು ಕುಶಲಕರ್ಮಿಗಳ ಊರುಗಳಿಗೆ ತೆರಳಿ, ತಂತ್ರಗಳನ್ನು ದಾಖಲಿಸಿ, ಹೊಸ ಮಾದರಿಗಳನ್ನು ರೂಪಿಸುವ ಅಭ್ಯಾಸವಿದೆ. ಗದಗಿನಲ್ಲಿ ಕೈಮಗ್ಗ ತಂತ್ರಜ್ಞಾನದ ಸಂಸ್ಥೆಯಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಬಣ್ಣ ಹಾಕದೆಯೇ ಕಂದು ವರ್ಣ ಹೊಂದಿರುವ ಹತ್ತಿಯ ಮೇಲೆ ಸಂಶೋಧನೆ ನಡೆಸಿದ್ದಲ್ಲದೆ, ವಸ್ತ್ರವಿನ್ಯಾಸದ ಶಿಕ್ಷಣವನ್ನೂ ನೀಡುತ್ತಿದೆ. ನಮ್ಮ ಭಾಗದ ಮಕ್ಕಳು ಇಂತಹ ಕೇಂದ್ರಗಳಲ್ಲಿ ಕಲಿತು ಅಲ್ಲಿಯೇ ಉಳಿದರೆ ಆ ವಿದ್ಯೆಯೂ ಬೇಲಿನಂತೆ ಹೊರಗೆ ಹೋದಂತಾಯಿತು.

ಗಣಕಯಂತ್ರವು ಮಾಡುವುದೇನು?

ಜಕಾರ್ಡ್ ಮಗ್ಗಕ್ಕೆ ವಿನ್ಯಾಸ ಸಿದ್ಧಪಡಿಸುವವರು ಹಿಂದೆ ಚೌಕಳಿ ಕಾಗದದ ಮೇಲೆ ಒಂದೊಂದೇ ಮನೆ ತುಂಬುತ್ತಿದ್ದರು. ಪ್ರತಿ ಮನೆಯೂ ಹಾಸು-ಹೊಕ್ಕುಗಳು ಕೂಡುವ ಒಂದು ಬಿಂದು. ಅದನ್ನು ನೋಡಿಕೊಂಡು ರಟ್ಟಿಗೆ ರಂಧ್ರ ಕೊರೆಯಬೇಕಿತ್ತು. ಒಂದು ಹೂವನ್ನು ಬದಲಿಸಿದರೆ ರಟ್ಟಿನ ಸರಣಿಯನ್ನೂ ಬದಲಿಸಬೇಕು. ಈಗ ಅದೇ ಚೌಕಳಿಯನ್ನು ಪರದೆಯ ಮೇಲೆ ತುಂಬಿ, ಬಣ್ಣ ಬದಲಿಸಿ, ನೇಯುವ ಮೊದಲೇ ಬಟ್ಟೆಯ ರೂಪವನ್ನು ನೋಡಬಹುದು. ಭಾರತ ಸರ್ಕಾರದ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ ಸಿದ್ಧಪಡಿಸಿರುವ ‘ಡಿಜಿಬುನೈ’ ತಂತ್ರಾಂಶವು ಮುಕ್ತ ಸ್ವರೂಪದ್ದಾಗಿದ್ದು, ಜಕಾರ್ಡ್ ಹಾಗೂ ಡಾಬಿ ನೇಯ್ಗೆಗಳಿಗೆ ಉಪಯುಕ್ತವಾಗಿದೆ.

ಆದರೆ ಪರದೆಯ ಮೇಲೆ ಚೆಂದ ಕಂಡದ್ದೆಲ್ಲ ಮಗ್ಗದಲ್ಲಿ ನಿಲ್ಲುವುದಿಲ್ಲ. ಬಣ್ಣದ ದೊಡ್ಡ ಹರಹನ್ನು ಬಿಡಿಸಿದಾಗ ನೂಲು ಎಲ್ಲಿಯೂ ಕಟ್ಟಿಕೊಳ್ಳದೆ ಉದ್ದಕ್ಕೆ ತೇಲುತ್ತದೆ. ಉಟ್ಟವರ ಬಳೆಗೆ ಸಿಕ್ಕಿ ಕಿತ್ತುಬರುತ್ತದೆ. ಕೌದಿಯಲ್ಲಿಯೂ ಹೀಗೆಯೇ. ತುಂಡುಗಳ ಚಿತ್ರ ತೆಗೆದು ಪರದೆಯ ಮೇಲೆ ಹತ್ತು ಬಗೆಯಲ್ಲಿ ಜೋಡಿಸಿ ನೋಡಬಹುದು, ಆದರೆ ಯಾವ ತುಂಡು ಸವೆದಿದೆ, ಯಾವುದು ಇನ್ನೂ ಹೊಲಿಗೆ ತಾಳೀತು ಎಂಬುದನ್ನು ಬೆರಳಿನಿಂದ ಮುಟ್ಟಿ ಹೇಳುವವಳು ಕೌದಿ ಹೊಲಿಯುವ ತಾಯಿಯೇ. ಸುರಪುರದ ಚಿತ್ರಗಳ ಅಂಚು, ಬಳ್ಳಿ, ಮಂಟಪಗಳ ಗೆರೆಗಳನ್ನು ವಸ್ತ್ರಕ್ಕೆ ಇಳಿಸುವಾಗ ಇನ್ನೊಂದು ಎಚ್ಚರ ಬೇಕು: ದೇವತಾಮೂರ್ತಿಗಳನ್ನು ಕಾಲಿಗೆ ತಾಗುವ ಸೀರೆಯಂಚಿನಲ್ಲಿ ಕೊಳ್ಳುವವರು ಒಪ್ಪಲಾರರು.

ನಕಲಿನ ಭಯ

ಗಣಕಯಂತ್ರವು ವಿನ್ಯಾಸವನ್ನು ಸುಲಭಗೊಳಿಸಿದಷ್ಟೇ ನಕಲನ್ನೂ ಸುಲಭಗೊಳಿಸಿದೆ. ತಿಂಗಳುಗಟ್ಟಲೆ ಹೊಲಿದ ಕಸೂತಿಯ ಛಾಯಾಚಿತ್ರ ತೆಗೆದು, ಪಾಲಿಯೆಸ್ಟರ್ ಬಟ್ಟೆಯ ಮೇಲೆ ಡಿಜಿಟಲ್ ಮುದ್ರಣ ಮಾಡಿದರೆ ಗಂಟೆಗಳಲ್ಲಿ ಥಾನು ಸಿದ್ಧ. ಬಟ್ಟೆಯನ್ನು ತಿರುವಿ ನೋಡುವ ಗಿರಾಕಿಗೆ ಹಿಂಬದಿಯಲ್ಲಿ ಹೊಲಿಗೆಯಿಲ್ಲದ್ದು ತಿಳಿದೀತು; ಎಲ್ಲರೂ ತಿರುವಿ ನೋಡುವುದಿಲ್ಲ. 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕ ಕಾಯಿದೆಯು ನೋಂದಾಯಿತ ಹೆಸರುಗಳಿಗೆ ರಕ್ಷಣೆ ಕೊಡುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಆ ಮಾನ್ಯತೆಯಿದೆ. ಅದೇ ಹೊಲಿಗೆಯನ್ನು ಬಲ್ಲ ನಮ್ಮ ತಾಂಡಾಗಳು ಸಂಡೂರಿನ ಹೆಸರನ್ನು ಬಳಸುವಂತಿಲ್ಲ. ತಮ್ಮದೇ ಗುರುತನ್ನು ಕಟ್ಟಿಕೊಳ್ಳಬೇಕು.

ಕಟ್ಟಿಕೊಳ್ಳಲು ಸಾಧ್ಯ ಎಂಬುದಕ್ಕೆ ಸಂಡೂರೇ ಸಾಕ್ಷಿ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1,755 ಲಂಬಾಣಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ಸಂಘಟನೆಯೊಂದು ಬೆನ್ನಿಗಿದ್ದುದರಿಂದಲೇ ಅಷ್ಟು ಕೈಗಳ ಕೆಲಸ ಒಂದೆಡೆ ಕೂಡಿತು.

ಕೂಲಿಯ ಲೆಕ್ಕ

ವಿದ್ಯಾರ್ಥಿಗಳ ಪ್ರಯೋಗಗಳು ಪ್ರದರ್ಶನದ ಮೇಜಿನ ಮೇಲೆಯೇ ಉಳಿಯಲು ಮುಖ್ಯ ಕಾರಣ ಲೆಕ್ಕದ ಅಭಾವ. ಉದಾಹರಣೆಗಾಗಿ, ಒಂದು ಕೈಚೀಲದ ಕಸೂತಿಗೆ 12 ಗಂಟೆ ಹಿಡಿಯುತ್ತದೆ ಎನ್ನೋಣ. ಗಂಟೆಗೆ 60 ರೂಪಾಯಿಯಂತೆ ಕೂಲಿಯೇ 720 ರೂಪಾಯಿ. 50 ಚೀಲಗಳ ಬೇಡಿಕೆ ಬಂದರೆ 600 ಗಂಟೆಗಳ ಕೆಲಸ. ಮನೆವಾರ್ತೆ ಮುಗಿಸಿ ದಿನಕ್ಕೆ 4 ಗಂಟೆ ಹೊಲಿಯುವ 10 ಮಹಿಳೆಯರಿಗೆ 15 ದಿನ ಬೇಕು. ಈ ಲೆಕ್ಕವನ್ನು ಮೊದಲೇ ಮಾಡದ ವಿನ್ಯಾಸಕಾರನು ಬೆಲೆಯನ್ನು ತಗ್ಗಿಸಿ ಹೇಳುತ್ತಾನೆ, ಗಡುವನ್ನು ಹತ್ತಿರ ಹಿಡಿಯುತ್ತಾನೆ. ಕೊನೆಗೆ ನಷ್ಟವು ಹೊಲಿದವಳ ಕೂಲಿಗೇ ಬಂದು ತಟ್ಟುತ್ತದೆ. ಕೂಲಿಯನ್ನು ಉಳಿಸಿಕೊಂಡು ವೆಚ್ಚ ತಗ್ಗಿಸಬೇಕಾದರೆ ಚೀಲದ ಮುಖಕ್ಕೆಲ್ಲ ಹೊಲಿಗೆ ತುಂಬದೆ, ಒಂದು ಅಂಚಿಗಷ್ಟೇ ಇಟ್ಟು 4 ಗಂಟೆಗೆ ಇಳಿಸುವ ಜಾಣತನ ಬೇಕು. ವಿನ್ಯಾಸ ವಿದ್ಯೆಯ ನಿಜವಾದ ಪರೀಕ್ಷೆ ಇಲ್ಲಿದೆ.

ಸದಸ್ಯರು ಮಾಡಬಹುದಾದದ್ದು

ಕೇಂದ್ರ ಸರ್ಕಾರವು 2023ರ ಮಾರ್ಚ್‌ನಲ್ಲಿ ಘೋಷಿಸಿದ ಏಳು ಪಿ.ಎಂ. ಮಿತ್ರ ಜವಳಿ ಪಾರ್ಕುಗಳಲ್ಲಿ ಕಲಬುರಗಿಯದೂ ಒಂದು. ನೆರೆಯಲ್ಲಿಯೇ ಬರಲಿರುವ ಆ ಉದ್ಯಮಕ್ಕೆ ಅರಳೆಯನ್ನಷ್ಟೇ ಕಳುಹಿಸಬೇಕೆ, ವಿನ್ಯಾಸವನ್ನೂ ಕಳುಹಿಸಬೇಕೆ ಎಂಬುದನ್ನು ಇಂದೇ ಯೋಚಿಸಬೇಕಾಗಿದೆ. ಜವಳಿ ವರ್ತಕರು ತಮ್ಮ ಅಂಗಡಿಯ ಒಂದು ಕಪಾಟನ್ನು ವಿದ್ಯಾರ್ಥಿಗಳ ಮಾದರಿಗಳಿಗೆ ಬಿಟ್ಟುಕೊಡಬಹುದು. ಯಾವುದು ಮಾರಾಟವಾಯಿತು, ಯಾವುದು ಉಳಿಯಿತು ಎಂಬ ಪಟ್ಟಿಯೇ ಅವರಿಗೆ ದೊಡ್ಡ ಪಾಠವಾದೀತು. ಜಿನ್ನಿಂಗ್ ಮಾಲೀಕರು ರಜೆಯ ಅವಧಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಕಲಿಕೆಯ ಅವಕಾಶ ಕೊಡಬಹುದು. ಬೇಡಿಕೆಯ ಅರ್ಧ ಹಣವನ್ನು ಮುಂಗಡವಾಗಿ ಕೊಡುವ, ಪ್ರತಿ ವಸ್ತುವಿನ ಚೀಟಿಯಲ್ಲಿ ಹೊಲಿದವರ ಊರಿನ ಹೆಸರನ್ನು ಮುದ್ರಿಸುವ ಪದ್ಧತಿಯನ್ನು ನಾವೇ ಆರಂಭಿಸಬಹುದು.

ಹತ್ತಿ ನಮ್ಮದು, ಹೊಲಿಗೆ ನಮ್ಮದು, ಕಲಿತು ಬರುವ ಮಕ್ಕಳೂ ನಮ್ಮವರೇ. ಮೂವರನ್ನೂ ಒಂದೇ ಜಗಲಿಯ ಮೇಲೆ ಕೂರಿಸುವ ಕೆಲಸ ವರ್ತಕ ಸಮುದಾಯದ್ದು.