ಗುರಿ ತಪ್ಪಿಸುವುದು ಬೆರಳೋ, ನಳಿಗೆಯೋ?

2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಹೊಡೆದ ಕೊನೆಯ ಗುಂಡಿಗೆ 10.8 ಅಂಕ ಬಂತು. ಅದರೊಡನೆ ಭಾರತಕ್ಕೆ ಒಲಿಂಪಿಕ್ಸ್‌ನ ಮೊದಲ ವೈಯಕ್ತಿಕ ಚಿನ್ನವೂ ಬಂತು. ಇಂದು ಏರ್ ರೈಫಲ್ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: 'ಅಪ್ಪಾ, ಅಂಕ ಏರುತ್ತಿಲ್ಲ. ಹೊಸ ಟ್ರಿಗರ್ ಹಾಕಿಸೋಣ, ಬ್ಯಾರೆಲ್ ಬದಲಿಸೋಣ.' ಎರಡೂ ಅಗ್ಗದ ವಸ್ತುಗಳಲ್ಲ. ಹಣ ತೆಗೆಯುವ ಮೊದಲು ಭೌತಶಾಸ್ತ್ರ ಏನು ಹೇಳುತ್ತದೆ ಎಂದು ನೋಡುವುದು ಒಳ್ಳೆಯದು.

ಕೂದಲೆಳೆಯ ಲೆಕ್ಕ

ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಪೆಲೆಟ್ ಎನ್ನುವ ಸೀಸದ ಗುಂಡಿನ ವ್ಯಾಸ 4.5 ಮಿ.ಮೀ. ಗುಂಡಿನ ಅಂಚು ಚುಕ್ಕೆಗೆ ತಗುಲಿದರೂ ಹತ್ತು ಸಿಗುತ್ತದೆ. ಎಂದರೆ ಗುಂಡಿನ ಕೇಂದ್ರ 2.5 ಮಿ.ಮೀ.ಗಿಂತ ಹೆಚ್ಚು ಸರಿಯುವಂತಿಲ್ಲ.

ರೈಫಲ್‌ನ ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವೆ 70 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. ಗುರಿಯ ದೂರ ಅದರ ಸುಮಾರು 14 ಪಟ್ಟು. ಸಮರೂಪ ತ್ರಿಭುಜಗಳ ನಿಯಮದಂತೆ, ಮುಂದಿನ ಸೈಟ್ 0.2 ಮಿ.ಮೀ. ಅಲುಗಿದರೆ ಗುಂಡು ಗುರಿಯಲ್ಲಿ 2.8 ಮಿ.ಮೀ. ಸರಿಯುತ್ತದೆ. ನೋಟ್‌ಬುಕ್ಕಿನ ಎರಡು ಹಾಳೆಗಳ ದಪ್ಪದಷ್ಟು ಅಲುಗಾಟ. ಹತ್ತು ಹೋಗಿ ಒಂಬತ್ತಾಯಿತು!

ಬೆರಳಿನ ಕೆಲಸ

ಈ ಅಲುಗಾಟ ಬಹಳ ಸಲ ಹುಟ್ಟುವುದು ಟ್ರಿಗರ್ ಎಳೆಯುವ ಕ್ಷಣದಲ್ಲಿ. ಸ್ಪರ್ಧೆಯ ಏರ್ ರೈಫಲ್‌ಗಳಲ್ಲಿ ಟ್ರಿಗರಿನ ಎಳೆತವನ್ನು 100 ಗ್ರಾಂಗಿಂತ ಕಡಿಮೆಗೂ ಹೊಂದಿಸಬಹುದು. ಎಂದರೆ ಎರಡು ಕೋಳಿಮೊಟ್ಟೆಗಳ ತೂಕ, ಸುಮಾರು ಒಂದು ನ್ಯೂಟನ್ ಬಲ. ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ ಇರಲೇಬೇಕೆಂಬ ನಿಯಮವಿದೆ. ಏರ್ ರೈಫಲ್‌ಗೆ ಅಂಥ ಮಿತಿಯಿಲ್ಲ.

ಹಾಗೆಂದು ಹಗುರವಾದಷ್ಟೂ ಒಳ್ಳೆಯದೆಂದಲ್ಲ. ಮನಸ್ಸು ಸಿದ್ಧವಾಗುವ ಮೊದಲೇ ಗುಂಡು ಹಾರಿದರೆ ಏನು ಲಾಭ? ಕಲಿಯುವವರಿಗೆ ಎರಡು ಹಂತದ ಟ್ರಿಗರ್ ಅನುಕೂಲ. ಮೊದಲ ಹಂತದಲ್ಲಿ ಅದು ಮೆತ್ತಗೆ ಹಿಂದೆ ಸರಿಯುತ್ತದೆ, ಬಳಿಕ ಬೆರಳಿಗೆ ಒಂದು ತಡೆ ಸಿಗುತ್ತದೆ. ಅಲ್ಲಿಂದ ಇನ್ನಷ್ಟು ಒತ್ತಿದಾಗ ಮಾತ್ರ ಗುಂಡು ಹೊರಡುತ್ತದೆ. ಟ್ರಿಗರ್ ಆರಿಸುವಾಗ ನೋಡಬೇಕಾದ್ದು ಮೂರು: ಪ್ರತಿ ಸಲವೂ ಒಂದೇ ಬಲಕ್ಕೆ ಬಿಡುತ್ತದೆಯೇ, ಬಿಟ್ಟ ಮೇಲೆ ಹಿಂದಕ್ಕೆ ಹೆಚ್ಚು ಜಗ್ಗದೆ ನಿಲ್ಲುತ್ತದೆಯೇ, ಮಗುವಿನ ಬೆರಳಿನ ಉದ್ದಕ್ಕೆ ಹೊಂದಿಸಲು ಬರುತ್ತದೆಯೇ.

ಒಂದು ಎಚ್ಚರಿಕೆ. ಟ್ರಿಗರಿನ ಒಳಭಾಗಗಳನ್ನು ಮನೆಯಲ್ಲಿ ಅರದಿಂದ ಉಜ್ಜಿ ಹಗುರಮಾಡುವ ಸಾಹಸ ಬೇಡ. ಹಾಗೆ ಮಾಡಿದ ರೈಫಲ್ ಸಣ್ಣ ಪೆಟ್ಟಿಗೂ ಸಿಡಿಯಬಹುದು. ಆಗ ಹೋಗುವುದು ಅಂಕವಲ್ಲ, ಯಾರದೋ ಕಣ್ಣು.

ನಳಿಗೆಯ ಗುಟ್ಟು

ಬ್ಯಾರೆಲ್ಲಿನ ಒಳಗೆ ಸುರುಳಿಯಾಕಾರದ ತೋಡುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಗುಂಡು ತಲೆಕೆಳಗಾಗದೆ ನೇರ ಸಾಗುತ್ತದೆ. 50 ಮೀಟರ್ ಸ್ಪರ್ಧೆಯ .22 ರೈಫಲ್‌ನಲ್ಲಿ ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಸುತ್ತು. ಗುಂಡಿನ ವೇಗ ಸೆಕೆಂಡಿಗೆ 325 ಮೀಟರ್ ಎಂದರೆ ಸೆಕೆಂಡಿಗೆ ಸುಮಾರು 800 ಸುತ್ತು!

ಬ್ಯಾರೆಲ್ ಸವೆಯುತ್ತದೆಯೇ? ಭಾರೀ ಮದ್ದಿನ ದೊಡ್ಡ ರೈಫಲ್‌ಗಳಲ್ಲಿ ಬಿಸಿ ಅನಿಲ ಉಕ್ಕನ್ನೇ ಕೊರೆಯುವುದರಿಂದ ಕೆಲವು ಸಾವಿರ ಗುಂಡುಗಳ ಬಳಿಕ ಬ್ಯಾರೆಲ್ ಬದಲಿಸಬೇಕಾಗುತ್ತದೆ. ಏರ್ ರೈಫಲ್‌ನಲ್ಲಿ ಬೆಂಕಿಯೇ ಇಲ್ಲ, ಸೀಸ ಉಕ್ಕಿಗಿಂತ ಎಷ್ಟೋ ಮೆದು. ಆದ್ದರಿಂದ ಅದು ಸವೆಯುವುದು ಅತಿ ನಿಧಾನ. ಕೆಡುವುದಾದರೆ ತುಕ್ಕಿನಿಂದ, ಇಲ್ಲವೇ ಒರೆಸುವ ಕೋಲು ತಗುಲಿ ಬಾಯಂಚು ಜಖಂ ಆದಾಗ.

ಉದ್ದದ ಬ್ಯಾರೆಲ್ ಹೆಚ್ಚು ನಿಖರ ಎಂಬುದೂ ತಪ್ಪು ತಿಳಿವಳಿಕೆ. ಅನೇಕ ಏರ್ ರೈಫಲ್‌ಗಳಲ್ಲಿ ನಿಜವಾದ ಬ್ಯಾರೆಲ್ ಸುಮಾರು 42 ಸೆಂ.ಮೀ. ಮಾತ್ರ, ಮುಂದಿನದು ಸೈಟ್ ಹೊರುವ ಬರಿಯ ಕೊಳವೆ. ಗುಂಡು ಬೇಗ ಹೊರಬೀಳಲಿ, ಸೈಟ್‌ಗಳ ಅಂತರ ಮಾತ್ರ ಉದ್ದವಿರಲಿ ಎಂಬ ಜಾಣತನ ಅದು.

ಒಂದು ಸಲಕ್ಕೆ ಒಂದೇ ಬದಲಾವಣೆ

ಸರಳ ಲೋಲಕದ ಪ್ರಯೋಗ ನೆನಪಿದೆಯೇ? ದಾರದ ಉದ್ದ ಬದಲಿಸುವಾಗ ಗುಂಡನ್ನು ಬದಲಿಸುವುದಿಲ್ಲ. ಇಲ್ಲಿಯೂ ಅದೇ ಕ್ರಮ. ತರಬೇತುದಾರರ ಎದುರಿನಲ್ಲಿ ರೈಫಲನ್ನು ಬಿಗಿಹಿಡಿಕೆಯಲ್ಲಿ ಕೂರಿಸಿ, ಒಂದೇ ಡಬ್ಬಿಯ ಪೆಲೆಟ್‌ಗಳಿಂದ ಹತ್ತು ಗುಂಡು ಹೊಡೆಯಿರಿ. ತೂತುಗಳು ಒಂದರ ಮೇಲೊಂದು ಬಿದ್ದರೆ ಬ್ಯಾರೆಲ್ ನಿರ್ದೋಷಿ. ಚದುರಿದರೆ ತಿರುಪುಗಳನ್ನು ಬಿಗಿ ಮಾಡಿ ನೋಡಿ. ಆಮೇಲೆ ಬ್ಯಾರೆಲ್ ಶುಚಿಮಾಡಿ. ಆಮೇಲೆ ಬೇರೆ ಡಬ್ಬಿಯ ಪೆಲೆಟ್ ಹಾಕಿ. ಒಂದೊಂದು ಬ್ಯಾರೆಲ್ಲಿಗೆ ಒಂದೊಂದು ಬಗೆಯ ಪೆಲೆಟ್ ಒಗ್ಗುತ್ತದೆ. ಪ್ರತಿ ಫಲಿತಾಂಶವನ್ನೂ ಪುಸ್ತಕದಲ್ಲಿ ಬರೆದಿಡಿ. ಇಷ್ಟಾದ ಮೇಲೂ ಚದುರಿದರೆ ಮಾತ್ರ ಹೊಸ ಬ್ಯಾರೆಲ್ಲಿನ ಮಾತು.

ಬಿಗಿಹಿಡಿಕೆಯಲ್ಲಿ ಕೂಡಿದ ತೂತುಗಳು ಕೈಯಲ್ಲಿ ಚದುರಿದರೆ ಉತ್ತರ ಸ್ಪಷ್ಟ. ರೈಫಲ್ ಮಗುವಿನ ಮೈಗೆ ಹೊಂದಿದೆಯೇ ಎಂದು ತರಬೇತುದಾರರಿಂದ ನೋಡಿಸಿ, ಟ್ರಿಗರ್ ಸರಿಹೊಂದಿಸಿ. ಉಳಿದದ್ದು ಪೆಲೆಟ್ ಇಲ್ಲದೆ ದಿನವೂ ಮಾಡುವ ಟ್ರಿಗರ್ ಅಭ್ಯಾಸ. ಅದಕ್ಕೆ ತಂದೆತಾಯಿ ಕೊಡಬೇಕಾದ್ದು ಹಣವಲ್ಲ, ಸಮಯ.