ಮಳೆಗೆ ಮುಂಚಿನ ಬೊರಿವಲಿ

ಚರ್ಚ್‌ಗೇಟ್‌ನಿಂದ ಉತ್ತರಕ್ಕೆ ಸುಮಾರು 34 ಕಿ.ಮೀ. ದೂರದ ಬೊರಿವಲಿ ನೌಕರಸ್ಥರಿಗೆ ಎರಡು ಹೊತ್ತಿನ ಊರು. ಬೆಳಗ್ಗೆ ಫಾಸ್ಟ್ ಲೋಕಲ್‌ಗೆ ಓಡುವಾಗ ಒಮ್ಮೆ, ರಾತ್ರಿ ಇಳಿದು ರಿಕ್ಷಾ ಸಾಲಿನಲ್ಲಿ ನಿಲ್ಲುವಾಗ ಇನ್ನೊಮ್ಮೆ ಅದು ಕಣ್ಣಿಗೆ ಬೀಳುತ್ತದೆ. ನಡುವಿನ ಹಗಲು ಮನೆಯಲ್ಲಿರುವವರದ್ದು. ಹಳೆ ಕಂಪನಿಯ ರಿಲೀವಿಂಗ್ ಲೆಟರ್ ಕೈಗೆ ಬಂದು, ಹೊಸ ಕಂಪನಿ ಸೇರಲು ವಾರವೊಂದು ಉಳಿದಾಗ ಆ ಹಗಲಿಗೆ ನನಗೂ ಪ್ರವೇಶ ಸಿಕ್ಕಿತು.

ಮೇ ತಿಂಗಳ ಕೊನೆ. ಮಗಳಿಗೆ ರಜೆ, ಉಡುಪಿ ಕಡೆಯಿಂದ ಅಮ್ಮ ಬಂದಿದ್ದಾರೆ, ಹೆಂಡತಿಯ ಕೈಯಲ್ಲೊಂದು ಪಟ್ಟಿ: ತೊಟ್ಟಿಕ್ಕುವ ಬಚ್ಚಲ ನಲ್ಲಿ, ಹರಿದ ಸೊಳ್ಳೆ ಜಾಲರಿ, ಖಾಲಿ ಮಾಡಬೇಕಾದ ಲಾಫ್ಟ್, ಮಲಗುವ ಕೋಣೆಯ ಒದ್ದೆ ಗೋಡೆ. ಜೂನ್ ಎರಡನೇ ವಾರದ ಹೊತ್ತಿಗೆ ಮಳೆ ಹಿಡಿಯುವ ಮುಂಬಯಿಗೆ ಮೇ ಅಂದರೆ ರಿಪೇರಿಯ ತಿಂಗಳು. "ನಮ್ಮಲ್ಲೂ ಈಗ ಹೆಂಚು ಕೈಯಾಡಿಸುವ ಕಾಲ ಅಲ್ಲವಾ ಮಗಾ" ಎಂದರು ಅಮ್ಮ.

ನಾಕಾದಲ್ಲಿ ಎಂಟು ಗಂಟೆ

ಸ್ಟೇಷನ್ ಕಡೆ ಹೋಗುವ ರಸ್ತೆ ಕೂಡುವಲ್ಲಿ ಬೆಳಗ್ಗೆ ಎಂಟಕ್ಕೆ ಕೆಲಸಗಾರರು ನಿಂತಿರುತ್ತಾರೆ. ಯಾರು ಯಾವ ಕೆಲಸದವರು ಎಂದು ಕೇಳಬೇಕಿಲ್ಲ, ಚೀಲವೇ ಹೇಳುತ್ತದೆ. ಒಂದರಿಂದ ಬಣ್ಣದ ರೋಲರ್ ಇಣುಕುತ್ತದೆ, ಇನ್ನೊಂದರಿಂದ ಕರಣೆಯ ಹಿಡಿ, ಮತ್ತೊಂದರಿಂದ ಪಾನಾ. ಉತ್ತರ ಪ್ರದೇಶ, ಬಿಹಾರ, ಬಂಗಾಳ, ಮರಾಠವಾಡ ಎಲ್ಲವೂ ಆ ಒಂದು ಫುಟ್‌ಪಾತಿನಲ್ಲಿ. ಹತ್ತರೊಳಗೆ ಕರೆ ಬಂದರೆ ಅಂದಿನ ಕೂಲಿ, ಇಲ್ಲವಾದರೆ ಚಹಾ ಕುಡಿದು ವಾಪಸ್. ಇವರ ನಡುವೆ ಹಾದು ಲೋಕಲ್ ಹಿಡಿಯುವವರಿಗೆ ಇದು ಬರಿಯ ಗುಂಪು.

ಅಲ್ಲಿಂದ ಬಂದ ಗಾರೆಯವನು ಒದ್ದೆ ಗೋಡೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದ. ಗಟ್ಟಿ ಸದ್ದು ಬಂದಲ್ಲಿ ಮುಂದೆ ಸರಿದ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದ. ಗೆರೆ ಮುಗಿದಾಗ ನೀರು ಎಲ್ಲಿಂದ ಇಳಿಯುತ್ತಿದೆ ಎಂಬುದರ ನಕ್ಷೆಯೇ ಗೋಡೆಯ ಮೇಲಿತ್ತು. "ಸಾಹೇಬ್, ಒಳಗೆ ಬಣ್ಣ ಹೊಡೆದರೆ ಮೊದಲ ಮಳೆವರೆಗೆ ಮಾತ್ರ. ಬಿರುಕು ಹೊರಗಿದೆ" ಎಂದ. ಹೊರಗೋಡೆ ನನ್ನದಲ್ಲ, ಸೊಸೈಟಿಯದ್ದು.

ಬಿಲ್ಲಿನ ಎರಡು ಸಾಲು

ಲಿಫ್ಟಿನ ಪಕ್ಕದ ಪುಟ್ಟ ಕೋಣೆಯೇ ಸೊಸೈಟಿ ಆಫೀಸು. ರಿಪೇರಿಯ ಸದ್ದಿಗೆ ಬೆಳಗ್ಗೆ ಇಷ್ಟು ಹೊತ್ತು, ಸಂಜೆ ಇಷ್ಟು ಹೊತ್ತು ಎಂದು ಬಾಗಿಲ ಮೇಲೆ ಚೀಟಿ ಅಂಟಿಸಿದೆ. ಮಧ್ಯಾಹ್ನ ಡ್ರಿಲ್ ಕೂಡದು, ಮಲಗುವವರಿದ್ದಾರೆ. ಪ್ರತಿ ತಿಂಗಳು ಮೊಬೈಲಿನಲ್ಲೇ ಕಟ್ಟುತ್ತಿದ್ದ ಮೇಂಟೆನೆನ್ಸ್ ಬಿಲ್ಲನ್ನು ನಾನು ಸಾಲುಸಾಲಾಗಿ ಓದಿದ್ದು ಅಲ್ಲಿ ಕುಳಿತು. ಮಹಾರಾಷ್ಟ್ರದ ಗೃಹ ಸಹಕಾರ ಸಂಘಗಳ ಮಾದರಿ ಉಪನಿಯಮಗಳ ಪ್ರಕಾರ, ಫ್ಲ್ಯಾಟಿನ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.75ರಷ್ಟು ವರ್ಷಕ್ಕೆ ರಿಪೇರಿ ನಿಧಿಗೆ, ಶೇ. 0.25ರಷ್ಟು ಸಿಂಕಿಂಗ್ ಫಂಡಿಗೆ ಹೋಗಬೇಕು. ಮೊದಲನೆಯದು ಬಿರುಕು ಮುಚ್ಚಲು, ಎರಡನೆಯದು ಕಟ್ಟಡಕ್ಕೆ ವಯಸ್ಸಾದ ದಿನಕ್ಕೆ. ಹೊರಗೋಡೆ, ಟೆರೇಸು, ಸಾಮೂಹಿಕ ಪೈಪಿನ ಸೋರಿಕೆ ಸೊಸೈಟಿಯ ಪಾಲು. ಫ್ಲ್ಯಾಟಿನೊಳಗಿನ ನಲ್ಲಿ, ಸಿಂಕು, ಬಚ್ಚಲು ಮಾಲೀಕನ ಪಾಲು. ಮುಂಬಯಿಯ ಅರ್ಧಕ್ಕರ್ಧ ನೆರೆಹೊರೆ ಜಗಳ ಹುಟ್ಟುವುದು ಈ ಎರಡರ ನಡುವಿನ ಗೆರೆಯ ಮೇಲೆ.

ಮೇಲೆ ಟೆರೇಸಿನಲ್ಲಿ ಇನ್ನೊಂದು ಸಾಮೂಹಿಕ ಆಸ್ತಿ ಬಳಕೆಯಲ್ಲಿತ್ತು: ಬಿಸಿಲು. ಅಮ್ಮ ಹಳೆ ಸೀರೆ ಹಾಸಿ ಹಲಸಿನ ಹಪ್ಪಳ ಒಣಗಲು ಹಾಕಿದ್ದರು. ಪಕ್ಕದಲ್ಲಿ ಗುಜರಾತಿ ಮನೆಯ ಅಕ್ಕಿ ಖೀಚಿಯಾ ಪಾಪಡ್. ಕಾಗೆ ಕಾಯುವ ಕೆಲಸ ಮಗಳದ್ದು, ಎರಡೂ ಮನೆಗೆ ಸೇರಿಸಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಎರಡು ಮನೆಯ ಅಜ್ಜಿಯರು ಹಪ್ಪಳ ಮಗುಚುವ ಹೊತ್ತಿನ ಬಗ್ಗೆ ಕೈಸನ್ನೆಯಲ್ಲೇ ಒಪ್ಪಂದ ಮಾಡಿಕೊಂಡಿದ್ದರು.

ವಾಷರಿನಿಂದ ವೀರಗಲ್ಲಿಗೆ

ಸ್ಟೇಷನ್ನಿನ ಪಶ್ಚಿಮಕ್ಕೆ ಲೋಕಮಾನ್ಯ ತಿಲಕ್ ರಸ್ತೆ. ಎಲ್.ಟಿ. ರೋಡ್ ಎಂದರೇನೇ ರಿಕ್ಷಾದವರಿಗೆ ಅರ್ಥ. ಸೊಪ್ಪು, ಸೀರೆ, ಸ್ಟೀಲ್ ಪಾತ್ರೆ ದಾಟಿದರೆ ಹಾರ್ಡ್‌ವೇರ್ ಅಂಗಡಿ. "ಹಳೆಯದು ತಂದಿದ್ದೀರಾ?" ಎಂಬುದೇ ಅಂಗಡಿಯವನ ಮೊದಲ ಪ್ರಶ್ನೆ. ನಲ್ಲಿಯ ಸ್ಪಿಂಡಲ್ ಬಿಚ್ಚಿ ತಂದಿದ್ದೆ. ತುದಿಯ ರಬ್ಬರ್ ವಾಷರಿನ ನಡುವೆ ಹಳ್ಳ ಬಿದ್ದು, ಅಂಚು ಹರಿದಿತ್ತು. ಎಷ್ಟು ತಿರುಗಿಸಿದರೂ ಹನಿ ನಿಲ್ಲದಿದ್ದುದಕ್ಕೆ ಅದೇ ಕಾರಣ. ತಿರುಗಿಸಿದಷ್ಟೂ ವಾಷರ್ ಇನ್ನಷ್ಟು ಹರಿಯುತ್ತದೆ. ಡಬ್ಬಿಗೆ ಕೈಹಾಕಿ ಕಣ್ಣಳತೆಯಲ್ಲೇ ಸರಿಯಾದುದನ್ನು ತೆಗೆದವನು, ಟೆಫ್ಲಾನ್ ಟೇಪಿನ ಸುರುಳಿ ಜೊತೆಗಿಟ್ಟ. "ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ."

ಸಂಜೆ ನಡೆದಷ್ಟೂ ಊರು ಹಿಂದಕ್ಕೆ ಹೋಗುತ್ತದೆ. ಜಯರಾಜ ನಗರದ ಮಹಿಷಮರ್ದಿನಿ ದೇವಸ್ಥಾನದ ಸುತ್ತ ತುಳು, ಕನ್ನಡ ಕಿವಿಗೆ ಬೀಳುತ್ತದೆ. ಇನ್ನೂ ಆಚೆಗೆ ಎಕ್ಸರ್. 2022ರಲ್ಲಿ ಓಡಲಾರಂಭಿಸಿದ ಮೆಟ್ರೊ 2ಎ ಮಾರ್ಗದಲ್ಲಿ ಆ ಹೆಸರಿನ ನಿಲ್ದಾಣವೇ ಇದೆ. ಹಳೆಯ ಎಕ್ಸರ್ ಹಳ್ಳಿಯ ವೀರಗಲ್ಲುಗಳು ನಮ್ಮ ಬಳ್ಳಿಗಾವಿಯ ಕಲ್ಲುಗಳನ್ನು ನೋಡಿದವರಿಗೆ ತಕ್ಷಣ ಗುರುತು ಸಿಗುತ್ತವೆ. ಕೆಳಗೆ ಕಾಳಗ, ಮೇಲೆ ಸ್ವರ್ಗ, ಅದೇ ಅಂತಸ್ತಿನ ವಿನ್ಯಾಸ. ವ್ಯತ್ಯಾಸ ಕಾಳಗದಲ್ಲಿದೆ, ಇಲ್ಲಿ ಕುದುರೆಯ ಜಾಗದಲ್ಲಿ ಹುಟ್ಟುಗೋಲು ಹಾಕುವ ಹಡಗುಗಳೂ ಇವೆ. ಶಿಲಾಹಾರ ಸೋಮೇಶ್ವರನಿಗೂ ಯಾದವ ಮಹಾದೇವನಿಗೂ 13ನೇ ಶತಮಾನದಲ್ಲಿ ನಡೆದ ಕಡಲ ಯುದ್ಧಕ್ಕೆ ಇವನ್ನು ಹೊಂದಿಸುವ ವಿದ್ವಾಂಸರಿದ್ದಾರೆ. ಬಯಲಲ್ಲಿ ನಿಂತು ಎಷ್ಟೋ ಮಳೆ ಕಂಡ ಕಲ್ಲಿನ ಮೇಲೆ ಮುಖಗಳು ಸವೆದಿವೆ.

ಭಿಕ್ಷುಗಳ ಮೇಂಟೆನೆನ್ಸ್

ರೈಲು ಹಳಿಯ ಪೂರ್ವಕ್ಕೆ, ಹೈವೇ ಅಂಚಿಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು. ಸುಮಾರು 104 ಚದರ ಕಿ.ಮೀ. ಕಾಡಿದು, ಚಿರತೆಗಳ ಬೀಡು. ಮುಂಬಯಿಗೆ ನೀರು ಕೊಡುವ ಏಳು ಜಲಾಶಯಗಳಲ್ಲಿ 1860ರ ವಿಹಾರ್, 1879ರ ತುಳಸಿ ಎರಡೂ ಇದರ ಮಡಿಲಲ್ಲಿವೆ. ಗೇಟಿನಿಂದ ಐದಾರು ಕಿ.ಮೀ. ಒಳಗೆ, ಗುಡ್ಡದ ಮೇಲೆ ಕಾನ್ಹೇರಿಯ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು.

ಎಲ್ಲರೂ ಮೊದಲು ನೋಡುವುದು 3ನೇ ಗುಹೆಯ ಚೈತ್ಯ ಮತ್ತು ಅದರ ಮೊಗಸಾಲೆಯ ಎತ್ತರದ ಬುದ್ಧರನ್ನು. ಮನೆ ರಿಪೇರಿಯ ಗುಂಗಿನಲ್ಲಿ ಹೋದ ನನ್ನ ಕಣ್ಣು ಸಣ್ಣ ಗುಹೆಗಳ ಮೇಲೆ ನೆಟ್ಟಿತು. ಒಂದು ಜಗಲಿ, ಒಂದು ಕೋಣೆ, ಮಲಗಲು ಕಲ್ಲಿನ ಮಂಚ, ಪಕ್ಕದಲ್ಲೇ ನೀರಿನ ತೊಟ್ಟಿ. ಬಂಡೆಯ ಮೇಲೆ ಬಿದ್ದ ಮಳೆ ಪೋಲಾಗದಂತೆ ಕೊರೆದ ಕಾಲುವೆಗಳು ಇಳಿಜಾರು ಹಿಡಿದು ತೊಟ್ಟಿಗೆ ಬಂದು ಸೇರುತ್ತವೆ. ಮೇ ಕೊನೆಯಲ್ಲೂ ಒಂದೆರಡು ತೊಟ್ಟಿಯ ತಳದಲ್ಲಿ ನೀರಿತ್ತು. "ಪಪ್ಪಾ, ಇವರಿಗೆ ಟ್ಯಾಂಕರ್ ಬೇಕಿರಲಿಲ್ಲ" ಎಂದಳು ಮಗಳು.

ಕನ್ನಡಿಗ ಇಲ್ಲಿ ಇನ್ನೊಂದು ಕಾರಣಕ್ಕೆ ನಿಲ್ಲಬೇಕು. ಕಾನ್ಹೇರಿಯ 9ನೇ ಶತಮಾನದ ಶಾಸನಗಳಲ್ಲಿ ಕೊಂಕಣದ ಶಿಲಾಹಾರ ಸಾಮಂತರು ತಮ್ಮ ಒಡೆಯನೆಂದು ಹೆಸರಿಸುವುದು ಮಾನ್ಯಖೇಟದ ರಾಷ್ಟ್ರಕೂಟ ಅಮೋಘವರ್ಷನನ್ನು, 'ಕವಿರಾಜಮಾರ್ಗ'ದ ನೃಪತುಂಗನನ್ನು. ಅವುಗಳಲ್ಲಿ ಶಿಲಾಹಾರ ಪುಲ್ಲಶಕ್ತಿಯ ಕಾಲದ ಶಾಸನವೊಂದು ಮಂತ್ರಿ ಕೊಟ್ಟ ದ್ರಮ್ಮ ನಾಣ್ಯಗಳ ದತ್ತಿಯನ್ನು ಬಾಬ್ತುವಾರು ಹಂಚುತ್ತದೆ: ಬುದ್ಧನ ಪೂಜೆಗೆ ಇಷ್ಟು, ವಿಹಾರದ ರಿಪೇರಿಗೆ ಇಷ್ಟು, ಭಿಕ್ಷುಗಳ ಬಟ್ಟೆಗೆ ಇಷ್ಟು, ಪುಸ್ತಕಗಳಿಗೆ ಇಷ್ಟು. ಸಂಸಾರ ಬಿಟ್ಟು ಬಂದವರಿಗೂ ರಿಪೇರಿ ಬಿಟ್ಟದ್ದಲ್ಲ. ಅಷ್ಟೇ ಅಲ್ಲ, ಅದು ಪೂಜೆಯ ಪಕ್ಕದಲ್ಲೇ ಕಲ್ಲಿನಲ್ಲಿ ಕೆತ್ತಿಸಿಡುವಷ್ಟು ಮಾನದ ಖರ್ಚಾಗಿತ್ತು. ನಮ್ಮ ಸೊಸೈಟಿ ಸಭೆಯಲ್ಲಿ ರಿಪೇರಿ ನಿಧಿ ಹೆಚ್ಚಿಸುವ ಮಾತು ಬಂದಾಗ ಎದ್ದು ಹೋಗುವವರಿಗೆ ಈ ಶಾಸನದ ಪ್ರತಿ ಹಂಚಬೇಕು.

ಮನೆ ನಿಂತಿರುವುದು ಸಂಬಳದ ಮೇಲೆ ಎಂದು ಲೋಕಲ್ ಹಿಡಿಯುವವರು ನಂಬಿರುತ್ತಾರೆ. ಹಗಲಲ್ಲಿ ನೋಡಿದರೆ ಲೆಕ್ಕ ಬೇರೆ. ಟೊಳ್ಳು ಸದ್ದು ಹಿಡಿಯುವ ಕೈ, ವಾಷರಿನ ಅಳತೆ ಬಲ್ಲ ಕಣ್ಣು, ಮಳೆಗೆ ಮುಂಚೆಯೇ ಪಟ್ಟಿ ಬರೆದಿಟ್ಟ ಹೆಂಡತಿ, ಇಷ್ಟು ಜನ ಹಿಡಿದುಕೊಂಡಿರುವುದರಿಂದ ಅದು ನಿಂತಿದೆ.

ಕೆಲಸಗಳ ನಡುವೆ ಬಿಡುವು ಸಿಕ್ಕವರು ಬೊರಿವಲಿಗೆ ಬರುವುದಾದರೆ ಸೋಮವಾರ ಬೇಡ, ಉದ್ಯಾನಕ್ಕೆ ಅಂದು ರಜೆ. ಕಾನ್ಹೇರಿಗೆ ಗೇಟಿನಿಂದ ಬಸ್ಸಿದೆ. ಬಿಸಿಲೇರುವ ಮುಂಚೆ ಹೊರಟು, ವಾರ್ಲಿ ಆದಿವಾಸಿ ಹೆಂಗಸರು ಮಾರುವ ಉಪ್ಪುಖಾರದ ಸೌತೆಕಾಯಿ ತಿಂದು, ಮಧ್ಯಾಹ್ನದೊಳಗೆ ಇಳಿಯಿರಿ. ಹೊರಡುವ ಮುಂಚೆ ನಿಮ್ಮ ಮನೆಯ ನಲ್ಲಿಗಳನ್ನೂ ಒಮ್ಮೆ ತಿರುಗಿಸಿ ನೋಡಿ.